ಹುಣಸೆ, ನೆಲ್ಲಿ, ಅರಿಶಿನ: ಪ್ರೋಟಾನು ಹೋದ ಮೇಲೆ ಉಳಿಯುವುದು

ಒಂದು ಅಚ್ಚು ಬೆಲ್ಲ, ಒಂದು ಉಂಡೆ ಹುಣಸೆಹಣ್ಣು. ಬೆಲ್ಲದ ತುಂಬ ಇರುವ ಸುಕ್ರೋಸ್‌ನ ಒಂದು ಅಣುವಿನಲ್ಲಿ 22 ಹೈಡ್ರೋಜನ್ ಪರಮಾಣುಗಳಿವೆ. ಹುಣಸೆಯ ಟಾರ್ಟಾರಿಕ್ ಆಮ್ಲದ ಅಣುವಿನಲ್ಲಿ ಇರುವುದು ಆರೇ. ಆಮ್ಲವೆಂದರೆ ಪ್ರೋಟಾನನ್ನು, ಅಂದರೆ ಎಲೆಕ್ಟ್ರಾನು ಕಳಚಿಕೊಂಡ ಹೈಡ್ರೋಜನನ್ನು, ಬಿಟ್ಟುಕೊಡುವ ವಸ್ತು. ಪ್ರತ್ಯಾಮ್ಲವೆಂದರೆ ಅದನ್ನು ಹಿಡಿದುಕೊಳ್ಳುವ ವಸ್ತು. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಬೇರೆ ಬೇರೆಯಾಗಿ ಕೊಟ್ಟ ಈ ವಿವರಣೆಯನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಹಾಗಾದರೆ ಇಷ್ಟೊಂದು ಹೈಡ್ರೋಜನ್ ಇಟ್ಟುಕೊಂಡ ಬೆಲ್ಲ ಸಿಹಿಯಾಗಿಯೂ ಹುಣಸೆ ಹುಳಿಯಾಗಿಯೂ ಇರುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ತಾಳವಾಡಿ ಬೆಟ್ಟಸೀಮೆಗಿಂತ ಒಳ್ಳೆಯ ಜಾಗ ನನಗೆ ತೋಚುತ್ತಿಲ್ಲ. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರು ದಾಟಿದರೆ ಸಿಗುವ, ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಕನ್ನಡ ನಾಡು ಅದು. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದೂ ಅಲ್ಲೇ. ಹೊಲದಲ್ಲಿ ಅರಿಶಿನ, ಬದುವಿನಲ್ಲಿ ಹುಣಸೆ, ಸೋಲಿಗರು ಕಾಡಿನಿಂದ ತರುವ ನೆಲ್ಲಿ, ಕೊಟ್ಟಿಗೆಯಲ್ಲಿ ದನ. ಆಮ್ಲ ಪ್ರತ್ಯಾಮ್ಲಗಳ ಪಾಠಕ್ಕೆ ಬೇಕಾದದ್ದೆಲ್ಲ ಅಲ್ಲಿ ಕಣ್ಣೆದುರಿಗೇ ಇದೆ.

ಒಂದು ಅಣುವಿನಿಂದ ಪ್ರೋಟಾನು ಹೊರಟುಹೋದರೆ ಅದರ ಎಲೆಕ್ಟ್ರಾನು ಹಿಂದೆಯೇ ಉಳಿಯುತ್ತದೆ. ಅಣುವಿನ ಮೇಲೆ ಒಂದು ಋಣ ಆವೇಶ ಕೂರುತ್ತದೆ. ಆ ಆವೇಶ ಒಂದೇ ಪರಮಾಣುವಿನ ಮೇಲೆ ಒತ್ತಿ ಕೂತರೆ ಅಣುವಿಗೆ ನೆಮ್ಮದಿಯಿಲ್ಲ. ಹೋದ ಪ್ರೋಟಾನನ್ನು ಮತ್ತೆ ಎಳೆದುಕೊಳ್ಳುತ್ತದೆ. ಒಬ್ಬನೇ ಹೊರಲಾರದ ದಿಮ್ಮಿಯನ್ನು ನಾಲ್ಕು ಹೆಗಲು ಹಂಚಿಕೊಂಡರೆ ಸಾಗಿಸಬಹುದಲ್ಲ, ಹಾಗೆ ಆವೇಶ ಹಲವು ಪರಮಾಣುಗಳ ಮೇಲೆ ಹರಡಿಕೊಂಡರೆ ಪ್ರೋಟಾನು ಹೋದರೂ ಅಣು ನಿಲ್ಲುತ್ತದೆ. ಆಮ್ಲದ ಬಲವನ್ನು ಅಳೆಯುವಾಗ ಹೈಡ್ರೋಜನ್‌ಗಳನ್ನು ಎಣಿಸುವುದಕ್ಕಿಂತ ಹಿಂದೆ ಉಳಿಯುವ ಆವೇಶಕ್ಕೆ ಎಷ್ಟು ಜಾಗವಿದೆ ಎಂದು ನೋಡಬೇಕು.

ಈ ಬಲಕ್ಕೆ ಪಿಕೆಎ ಎಂಬ ಅಂಕವಿದೆ. ಅಂಕ ಚಿಕ್ಕದಾದಷ್ಟೂ ಆಮ್ಲ ಪ್ರಬಲ, ಒಂದು ಅಂಕ ಇಳಿದರೆ ಬಲ ಹತ್ತು ಪಟ್ಟು. ಮದ್ಯದ ಎಥನಾಲ್‌ನ ಅಂಕ ಸುಮಾರು 16. ಅದರಲ್ಲಿ ಪ್ರೋಟಾನು ಬಿಡಬೇಕಾದ ಆಮ್ಲಜನಕ ಒಂಟಿ. ಆವೇಶವನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಬೆಲ್ಲದ ಸುಕ್ರೋಸ್‌ನ ಕಥೆಯೂ ಹೆಚ್ಚು ಕಡಿಮೆ ಇದೇ, ಅದರ ಅಂಕ ಹನ್ನೆರಡರ ಆಚೆ. ವಿನೆಗರ್‌ನ ಅಸಿಟಿಕ್ ಆಮ್ಲಕ್ಕೆ ಬಂದರೆ ಅಂಕ ಒಮ್ಮೆಗೇ 4.76ಕ್ಕೆ ಇಳಿಯುತ್ತದೆ. ಅಲ್ಲಿ ಒಂದೇ ಇಂಗಾಲಕ್ಕೆ ಎರಡು ಆಮ್ಲಜನಕಗಳು ಅಂಟಿಕೊಂಡಿವೆ, ಪ್ರೋಟಾನು ಹೋದಾಗ ಆವೇಶವನ್ನು ಎರಡೂ ಸಮಸಮವಾಗಿ ಹೊರುತ್ತವೆ. ಈ ಜೋಡಣೆಗೆ ಕಾರ್ಬಾಕ್ಸಿಲ್ ಗುಂಪು ಎಂದು ಹೆಸರು.

ಹುಣಸೆಯ ಅಣುವಿನಲ್ಲಿ ಅಂಥ ಗುಂಪು ಎರಡು ತುದಿಗೆ ಎರಡಿವೆ. ಅವುಗಳ ಮಗ್ಗುಲಲ್ಲೇ ಮತ್ತೆರಡು ಆಮ್ಲಜನಕಗಳು ಕೂತು ಎಲೆಕ್ಟ್ರಾನುಗಳನ್ನು ತಮ್ಮತ್ತ ಜಗ್ಗುತ್ತವೆ. ಆವೇಶ ಇನ್ನಷ್ಟು ಹಗುರವಾಗುತ್ತದೆ, ಅಂಕ 3ರ ಆಸುಪಾಸಿಗೆ ಬರುತ್ತದೆ; ಎಂದರೆ ವಿನೆಗರ್‌ನ ಆಮ್ಲಕ್ಕಿಂತ ಐವತ್ತು ಅರವತ್ತು ಪಟ್ಟು ಬಲ. ಆರು ಹೈಡ್ರೋಜನ್‌ಗಳಲ್ಲಿ ಸುಲಭವಾಗಿ ಕಳಚುವುದು ತುದಿಯ ಎರಡೇ. ಜಗ್ಗುವವರಿದ್ದಂತೆ ತಳ್ಳುವವರೂ ಇದ್ದಾರೆ. ಮಾವಿನ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಜಿರುವೆಯ ಫಾರ್ಮಿಕ್ ಆಮ್ಲದ ಅಂಕ 3.75. ಅದರಲ್ಲಿ ಇಂಗಾಲಕ್ಕೆ ಅಂಟಿದ ಹೈಡ್ರೋಜನ್‌ನ ಜಾಗದಲ್ಲಿ ಒಂದು ಮಿಥೈಲ್ ಗುಂಪು ಕೂರಿಸಿದರೆ ಅಸಿಟಿಕ್ ಆಮ್ಲ. ಆ ಗುಂಪು ಎಲೆಕ್ಟ್ರಾನುಗಳನ್ನು ಆಮ್ಲಜನಕದ ಕಡೆಗೇ ದೂಡಿ ಹೊರೆ ಹೆಚ್ಚಿಸುವುದರಿಂದ ಬಲ ಹತ್ತರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ.

ನೆಲ್ಲಿಕಾಯಿ ನನಗೆ ಇನ್ನೂ ಹೆಚ್ಚು ಇಷ್ಟ. ಅದರ ಒಗರು ಟ್ಯಾನಿನ್‌ಗಳದ್ದು, ಅದು ಬೇರೆ ವಿಷಯ. ಅದರಲ್ಲಿರುವ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲದಲ್ಲಿ ಕಾರ್ಬಾಕ್ಸಿಲ್ ಗುಂಪೇ ಇಲ್ಲ. ಪ್ರೋಟಾನು ಬಿಡಲು ಇರುವುದು ಸಕ್ಕರೆಯಲ್ಲಿರುವಂಥ ಆಮ್ಲಜನಕ-ಹೈಡ್ರೋಜನ್ ಜೋಡಿಗಳು ಮಾತ್ರ. ಆದರೂ ಅದರ ಅಂಕ ಸುಮಾರು 4.1, ವಿನೆಗರ್‌ಗಿಂತ ಜೋರು! 1930ರ ದಶಕದಲ್ಲಿ ಹಾವರ್ತ್ ಅದರ ರಚನೆಯನ್ನು ಬಿಡಿಸಿದಾಗ ಕಾರಣ ತಿಳಿಯಿತು. ಪ್ರೋಟಾನು ಬಿಡುವ ಆಮ್ಲಜನಕದ ಮಗ್ಗುಲಲ್ಲೇ ಶುರುವಾಗುವ ದ್ವಿಬಂಧ, ಅಣುವಿನ ಉಂಗುರದ ಇನ್ನೊಂದು ಕಡೆಯ ಆಮ್ಲಜನಕದವರೆಗೂ ಎಲೆಕ್ಟ್ರಾನುಗಳಿಗೆ ದಾರಿ ಮಾಡಿಕೊಡುತ್ತದೆ. ಆವೇಶ ಆ ದಾರಿಯುದ್ದಕ್ಕೂ ಹರಡುತ್ತದೆ. ಗುಂಪಿನ ಹೆಸರು ಏನೇ ಇರಲಿ, ಆವೇಶಕ್ಕೆ ಹರಿಯಲು ದಾರಿ ಸಿಕ್ಕಿದರೆ ಸಾಕು.

ಇದೇ ಹರಡುವಿಕೆಯನ್ನು ಕಣ್ಣಾರೆ ನೋಡಬೇಕೆಂದರೆ ಅರಿಶಿನ ಬೇಕು. ಈರೋಡಿನ ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಅನ್ನು ವೋಗೆಲ್ ಮತ್ತು ಪೆಲ್ಲೆಟಿಯೆ ಬೇರ್ಪಡಿಸಿದ್ದು 1815ರಲ್ಲಿ. ಅದರ ರಚನೆ ಹೊರಬೀಳಲು 1910ರವರೆಗೆ ಕಾಯಬೇಕಾಯಿತು. ಎರಡು ತುದಿಯಲ್ಲಿ ಬೆಂಜೀನ್ ಉಂಗುರ, ಅವುಗಳಿಗೆ ಒಂದೊಂದು ಹೈಡ್ರಾಕ್ಸಿಲ್ (ಅದೇ ಆಮ್ಲಜನಕ-ಹೈಡ್ರೋಜನ್ ಜೋಡಿ), ನಡುವೆ ಒಂದು ಬಿಟ್ಟು ಒಂದರಂತೆ ದ್ವಿಬಂಧಗಳಿರುವ ಉದ್ದ ಸರಪಳಿ. ಉಂಗುರಕ್ಕೆ ಅಂಟಿದ ಹೈಡ್ರಾಕ್ಸಿಲ್ ಮದ್ಯದ ಹೈಡ್ರಾಕ್ಸಿಲ್‌ಗಿಂತ ಎಷ್ಟೋ ಬಲವುಳ್ಳ ಆಮ್ಲ, ಏಕೆಂದರೆ ಆವೇಶ ಉಂಗುರದೊಳಗೆ ಹರಡಬಲ್ಲದು. ಆದರೂ ಅದರ ಪ್ರೋಟಾನು ನೀರಿಗೆ ಬಗ್ಗುವುದಿಲ್ಲ. ಕಿತ್ತುಕೊಳ್ಳಲು ಸುಣ್ಣವೇ ಬರಬೇಕು. ಸುಣ್ಣದ ಹೈಡ್ರಾಕ್ಸೈಡ್ ಅಯಾನಿನಲ್ಲಿ ಇಡೀ ಆವೇಶ ಒಂದೇ ಪುಟ್ಟ ಆಮ್ಲಜನಕದ ಮೇಲೆ ಕೂತಿರುವುದರಿಂದ ಅದು ಸಿಕ್ಕ ಪ್ರೋಟಾನನ್ನು ಬಿಡುವುದಿಲ್ಲ. ಪ್ರತ್ಯಾಮ್ಲವನ್ನು ಪ್ರಬಲವಾಗಿಸುವುದು ಇದೇ ಇಕ್ಕಟ್ಟು.

ಮದುವೆ ಮನೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿಯ ಓಕುಳಿ ಮಾಡುವಾಗ ನಡೆಯುವುದು ಇದೇ. ಪ್ರೋಟಾನು ಕಳೆದುಕೊಂಡ ಕರ್ಕ್ಯುಮಿನ್‌ನಲ್ಲಿ ಎಲೆಕ್ಟ್ರಾನುಗಳು ಅಣುವಿನ ಉದ್ದಕ್ಕೂ ಇನ್ನಷ್ಟು ಸಡಿಲವಾಗಿ ಹರಡಿ, ನೀಲಿಯ ಜೊತೆಗೆ ಹಸಿರಿನತ್ತ ಸಾಗುವ ಬೆಳಕನ್ನೂ ನುಂಗುತ್ತವೆ. ನಮ್ಮ ಕಣ್ಣಿಗೆ ಕೆಂಪು ಉಳಿಯುತ್ತದೆ. ಆ ಕೆಂಪು ನೀರಿಗೆ ಹುಣಸೆ ಕಿವುಚಿದ ರಸ ಸುರಿದು ನೋಡಿ: ಟಾರ್ಟಾರಿಕ್ ಆಮ್ಲದ ಪ್ರೋಟಾನು ಖಾಲಿ ಜಾಗಕ್ಕೆ ಬಂದು ಸೇರಿ ನೀರು ಮತ್ತೆ ಹಳದಿಯಾಗುತ್ತದೆ. ಪ್ರಯೋಗಾಲಯವಿಲ್ಲದ ಹಳ್ಳಿ ಶಾಲೆಯಲ್ಲೂ ಎರಡು ಲೋಟದಲ್ಲಿ ಇದನ್ನು ಮಾಡಿ ತೋರಿಸಬಹುದು, ತೋರಿಸಲೇಬೇಕು.

ಇನ್ನು ಕೊಟ್ಟಿಗೆ. ಬಲಿಪಾಡ್ಯಮಿಯ ಮರುದಿನ ತಾಳವಾಡಿ ಬಳಿಯ ಗುಮಟಾಪುರದಲ್ಲಿ ಬೀರೇಶ್ವರನ ಗುಡಿಯ ಬಳಿ ಸಗಣಿ ಎರಚಾಡುವ ಗೊರೆ ಹಬ್ಬ ನಡೆಯುತ್ತದೆ. ದನಕರುಗಳನ್ನು ಇಷ್ಟು ಹಚ್ಚಿಕೊಂಡ ಊರಿನವರಿಗೆ ಕೊಟ್ಟಿಗೆಯ ಗಾಟು ಹೊಸದಲ್ಲ. ಗಂಜಲದಲ್ಲಿರುವ ಯೂರಿಯಾದ ಅಣುವಿನಲ್ಲಿ ಎರಡು ಸಾರಜನಕಗಳಿವೆ. ಪ್ರತಿ ಸಾರಜನಕದಲ್ಲೂ ಪ್ರೋಟಾನನ್ನು ಹಿಡಿಯಬಲ್ಲ ಒಂದು ಜೋಡಿ ಎಲೆಕ್ಟ್ರಾನುಗಳಿದ್ದರೂ, ನಡುವಿನ ಇಂಗಾಲ-ಆಮ್ಲಜನಕದ ದ್ವಿಬಂಧ ಅವನ್ನು ತನ್ನತ್ತ ಸೆಳೆದುಕೊಂಡಿದೆ. ಹಾಗಾಗಿ ಯೂರಿಯಾ ಹೆಸರಿಗಷ್ಟೇ ಪ್ರತ್ಯಾಮ್ಲ, ವಾಸನೆಯೂ ಇಲ್ಲ. ಸಗಣಿಯ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅಲ್ಲಿ ಸಾರಜನಕದ ಜೋಡಿ ಎಲೆಕ್ಟ್ರಾನುಗಳನ್ನು ಸೆಳೆಯುವವರಿಲ್ಲ. ಪ್ರೋಟಾನು ಹಿಡಿಯುವುದರಲ್ಲಿ ಅದು ಯೂರಿಯಾಕ್ಕಿಂತ ಸುಮಾರು ನೂರು ಕೋಟಿ ಪಟ್ಟು ಬಲಶಾಲಿ.

ಪ್ರೋಟಾನು ಹಿಡಿದ ಅಮೋನಿಯಾ ಅಮೋನಿಯಂ ಆಗಿ ತಿಪ್ಪೆಯ ತೇವದಲ್ಲಿ, ಮಣ್ಣಿನಲ್ಲಿ ನಿಲ್ಲುತ್ತದೆ, ಬೆಳೆಗೆ ಸಿಗುತ್ತದೆ. ಹಿಡಿಯದ್ದು ಗಾಳಿಗೆ ಹಾರುತ್ತದೆ. ಪ್ರತ್ಯಾಮ್ಲೀಯತೆ ಹೆಚ್ಚಿದಂತೆ ಏರುವ ಪಿಎಚ್ ಎಂಬ ಅಳತೆ ಸುತ್ತಲಿನ ತೇವದಲ್ಲಿ 9.25 ಮುಟ್ಟಿತೆಂದರೆ ಅರ್ಧಕ್ಕರ್ಧ ಹಾರಲು ಸಿದ್ಧ. ಸುಣ್ಣವನ್ನೂ ಹಸಿ ಗೊಬ್ಬರವನ್ನೂ ಅಥವಾ ಯೂರಿಯಾವನ್ನೂ ಒಟ್ಟಿಗೆ ಹೊಲಕ್ಕೆ ಹಾಕಬಾರದು ಎನ್ನುವುದು ಇದಕ್ಕೇ. ಸುಣ್ಣದ ಹೈಡ್ರಾಕ್ಸೈಡ್ ಅಮೋನಿಯಂನ ಪ್ರೋಟಾನನ್ನು ಕಸಿದುಕೊಂಡು, ಕೋಸಿಗೋ ಅರಿಶಿನಕ್ಕೋ ದಕ್ಕಬೇಕಾದ ಸಾರಜನಕವನ್ನು ಹೊಲದಾಚೆ ಕಳಿಸಿಬಿಡುತ್ತದೆ. ಎರಡೂ ಬೇಕಿದ್ದರೆ ಸುಣ್ಣವನ್ನು ಮೊದಲು ಹಾಕಿ ಮಣ್ಣಿನಲ್ಲಿ ಬೆರೆಸಿ, ಕೆಲವು ವಾರ ಬಿಟ್ಟು ಗೊಬ್ಬರ ಕೊಡಬೇಕು.