ಮೊದೆನಾ ಕೆಥೆಡ್ರಲ್

ಮೊದೆನಾ ಕೆಥೆಡ್ರಲ್ ಉತ್ತರ ಇಟಲಿಯ ಮೊದೆನಾ ನಗರದ ಪ್ರಧಾನ ಚರ್ಚು. ದಪ್ಪ ಗೋಡೆ ಹಾಗೂ ಅರ್ಧವೃತ್ತಾಕಾರದ ಕಮಾನುಗಳು ಲಕ್ಷಣವಾಗಿರುವ ರೋಮನೆಸ್ಕ್ ಶೈಲಿಯ ಶ್ರೇಷ್ಠ ಕಟ್ಟಡಗಳಲ್ಲಿ ಇದೊಂದು. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಇತಿಹಾಸ

ನಗರದ ಪಾಲಕ ಸಂತನೂ 4ನೆಯ ಶತಮಾನದ ಬಿಷಪ್ಪನೂ ಆದ ಜೆಮಿನಿಯಾನೊನ ಸಮಾಧಿಯ ಮೇಲಿದ್ದ ಹಳೆಯ ಚರ್ಚು ಶಿಥಿಲವಾಗಿತ್ತು. ಬಿಷಪ್ಪನ ಪೀಠ ಖಾಲಿಯಿದ್ದ ಕಾಲದಲ್ಲಿ ಪಾದ್ರಿಗಳೂ ನಾಗರಿಕರೂ ಕೂಡಿ ಹೊಸ ಚರ್ಚನ್ನು ಕಟ್ಟಲು ನಿರ್ಧರಿಸಿದರು. 1099ರ ಜೂನ್ 9ರಂದು ಶಂಕುಸ್ಥಾಪನೆ ನಡೆಯಿತು. ಲಾನ್‌ಫ್ರಾಂಕೊ ಇದರ ವಾಸ್ತುಶಿಲ್ಪಿ.

1106ರಲ್ಲಿ ಸಂತನ ಅವಶೇಷಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಿದಾಗ, ಸಮಾಧಿಯನ್ನು ತೆರೆಯಬೇಕೇ ಬೇಡವೇ ಎಂಬ ವಿವಾದ ಎದ್ದಿತು. ತೀರ್ಮಾನವನ್ನು ಪೋಪ್ ಎರಡನೆಯ ಪಾಸ್ಕಲನಿಗೆ ಬಿಡಲಾಯಿತು. ಅಲ್ಲಿಯವರೆಗೆ ಆರು ಮಂದಿ ಯೋಧರೂ ಹನ್ನೆರಡು ಮಂದಿ ನಾಗರಿಕರೂ ಪ್ರಮಾಣ ಮಾಡಿ ಸಮಾಧಿಯನ್ನು ಕಾವಲು ಕಾಯ್ದರು. ನಾಗರಿಕರ ಸಂಖ್ಯೆ ಯೋಧರ ಎರಡರಷ್ಟಿತ್ತೆಂಬುದು ಗಮನಾರ್ಹ. ಈ ಚರ್ಚನ್ನು ಊರಿನವರು ತಮ್ಮದೆಂದು ತಿಳಿದಿದ್ದರು. ಕಟ್ಟಡವನ್ನು 1184ರಲ್ಲಿ ಪೋಪ್ ಮೂರನೆಯ ಲೂಸಿಯಸ್ ಪ್ರತಿಷ್ಠಾಪಿಸಿದನು.

ವಾಸ್ತುಶಿಲ್ಪ

ಒಳಗೋಡೆ ಇಟ್ಟಿಗೆಯದು, ಹೊರಮೈ ಬಿಳಿಯ ಕಲ್ಲಿನದು. ಕಲ್ಲಿನ ಬಹುಪಾಲು ಪ್ರಾಚೀನ ರೋಮನ್ ನಗರ ಮುಟಿನಾದ ಅವಶೇಷಗಳಿಂದ ಬಂದದ್ದು. ಮುಖ್ಯದ್ವಾರದ ಕಂಬಗಳನ್ನು ಹೊತ್ತ ಸಿಂಹಗಳೂ ರೋಮನ್ ಕಾಲದವು. ಕಟ್ಟಡದ ಸುತ್ತಲೂ ಸಾಗುವ ಕಮಾನುಸಾಲಿನ ಪ್ರತಿಯೊಂದು ದೊಡ್ಡ ಕಮಾನಿನೊಳಗೆ ಮೂರು ಚಿಕ್ಕ ಕಮಾನುಗಳಿವೆ. ಸಂತನ ಸಮಾಧಿಯಿರುವ ನೆಲಮಾಳಿಗೆಯ ಮೇಲೆ ಪ್ರಧಾನ ಪೂಜಾವೇದಿಕೆ ಎತ್ತರದಲ್ಲಿದೆ. ಮೊದಲು ಮರದ ಛಾವಣಿಯಿತ್ತು. ಈಗಿರುವ ಕಮಾನು ಛಾವಣಿ 15ನೆಯ ಶತಮಾನದ್ದು.

ಶಿಲ್ಪಗಳು

ಪಶ್ಚಿಮದ ಮುಂಭಾಗದಲ್ಲಿ ಶಿಲ್ಪಿ ವಿಲಿಜೆಲ್ಮೊ ಕೆತ್ತಿದ ನಾಲ್ಕು ಉಬ್ಬುಫಲಕಗಳಿವೆ. ಆದಾಮನ ಸೃಷ್ಟಿಯಿಂದ ನೋಹನ ನಾವೆಯವರೆಗಿನ ಬೈಬಲ್ ಕಥೆ ಅವುಗಳ ವಸ್ತು. ಸ್ವರ್ಗದಿಂದ ಹೊರದೂಡಲ್ಪಟ್ಟ ಆದಾಮ ಮತ್ತು ಹವ್ವ ಬಾಗಿ ನೆಲ ಅಗೆಯುವ ದೃಶ್ಯವನ್ನು ತಪ್ಪದೆ ನೋಡಬೇಕು. ಆ ದೇಹಗಳಲ್ಲಿ ದುಡಿಮೆಯ ಭಾರವಿದೆ. ಅಲ್ಲಿಯೇ ಇರುವ ಶಾಸನವು ಶಂಕುಸ್ಥಾಪನೆಯ ದಿನವನ್ನು ತಿಳಿಸಿ, ವಿಲಿಜೆಲ್ಮೊನನ್ನು ಹೆಸರಿಸಿ ಹೊಗಳುತ್ತದೆ. ಹಿಂಭಾಗದ ಇನ್ನೊಂದು ಶಾಸನದಲ್ಲಿ ಲಾನ್‌ಫ್ರಾಂಕೊನ ಹೆಸರಿದೆ. ಮಧ್ಯಯುಗದ ಕುಶಲಕರ್ಮಿಗಳೆಲ್ಲ ಅನಾಮಿಕರೆಂದು ತರಗತಿಗಳಲ್ಲಿ ಹೇಳುತ್ತ ಬಂದ ಮಾತು ಇಲ್ಲಿ ನಿಲ್ಲುವುದಿಲ್ಲ.

ಉತ್ತರದ 'ಮೀನುಪೇಟೆಯ ಬಾಗಿಲಿ'ನ ಕಮಾನಿನಲ್ಲಿ ಬ್ರಿಟನ್ನಿನ ದಂತಕಥೆಯ ಆರ್ಥರ್ ದೊರೆ ತನ್ನವರೊಡನೆ ಕೋಟೆಗೆ ಮುತ್ತಿಗೆ ಹಾಕುತ್ತಿದ್ದಾನೆ. ಆತನ ಹೆಸರನ್ನೂ ಕಲ್ಲಿನಲ್ಲಿ ಕೊರೆದಿದೆ. ಈ ಕೆತ್ತನೆಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಗಿರ್ಲಾಂದಿನಾ ಗೋಪುರ

ಪಕ್ಕದ ಗಂಟೆಗೋಪುರ 1319ರಲ್ಲಿ ಪೂರ್ಣಗೊಂಡಿತು. ಎತ್ತರ ಸುಮಾರು 86 ಮೀಟರ್. ನೆಲ ಕುಸಿದು ತುಸು ವಾಲಿದೆ. ನಗರಾಡಳಿತದ ದಾಖಲೆಗಳನ್ನೂ ಬೆಲೆಬಾಳುವ ವಸ್ತುಗಳನ್ನೂ ಒಂದು ಕಾಲದಲ್ಲಿ ಇದರೊಳಗೇ ಕಾಪಾಡುತ್ತಿದ್ದರು.