ಮೂಲೆ ಅಂಗಡಿ ದುಬಾರಿಯೇ?

ಎಂಟು ತಿಂಗಳ ಹಿಂದೆ ನಮ್ಮ ಮನೆಯ ತಿಂಗಳ ಸಾಮಾನು ಸೂಪರ್‌ ಮಾರ್ಕೆಟ್ ಬಿಟ್ಟು ಬೀದಿ ಮೂಲೆಯ ದಿನಸಿ ಅಂಗಡಿಯಿಂದ ಬರತೊಡಗಿತು. ನಾವಿರುವುದು ಬೆಂಗಳೂರಿನಲ್ಲಿ. "ದುಡ್ಡು ಜಾಸ್ತಿ ಆಗಲ್ವಾ?" ಎಂದು ಕೇಳಿದ ನೆಂಟರೆಲ್ಲ ನಾನು ಬಾಯಿ ತೆರೆಯುವ ಮೊದಲೇ ಉತ್ತರ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು.

ತಪ್ಪು ಕಲ್ಪನೆ: ದೊಡ್ಡ ಮಳಿಗೆಯಲ್ಲಿ ಎಲ್ಲವೂ ಅಗ್ಗ.

ಸತ್ಯ: ಸೋಪು, ಬಟ್ಟೆ ಒಗೆಯುವ ಪುಡಿ, ಬಿಸ್ಕತ್ತು ಅಲ್ಲಿ ಅಗ್ಗವೇ, ಒಪ್ಪಿಕೊಳ್ಳೋಣ. ಲಾರಿಗಟ್ಟಲೆ ಕೊಳ್ಳುವವರಿಗೆ ಕಂಪನಿ ಕೊಡುವ ರಿಯಾಯಿತಿ ಮೂಲೆ ಅಂಗಡಿಗೆ ಸಿಗುವುದಿಲ್ಲ. ನಾನು ಇವತ್ತಿಗೂ ಅವನ್ನು ಎರಡು ತಿಂಗಳಿಗೊಮ್ಮೆ ಅಲ್ಲಿಂದಲೇ ತರುತ್ತೇನೆ. ಅಕ್ಕಿ, ಬೇಳೆಗೆ ಬಂದಾಗ ಲೆಕ್ಕ ಬೇರೆ. 2022ರ ಜುಲೈ 18ರಿಂದ, ಮೊದಲೇ ತುಂಬಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ ಇದೆ. ಮೂಟೆಯಿಂದ ತೆಗೆದು ಕಣ್ಣೆದುರೇ ತೂಗಿಕೊಟ್ಟರೆ ಆ ತೆರಿಗೆಯಿಲ್ಲ. ದೊಡ್ಡ ಮಳಿಗೆಯ ಬಿಡಿ ಅಕ್ಕಿಗೂ ಇದೇ ನಿಯಮ. ಆದರೆ ಅಲ್ಲಿ ಕೈ ಹೋಗುವುದು ಪೊಟ್ಟಣದ ಕಡೆಗೇ.

ಬೆಲೆಗಿಂತ ನನ್ನ ಜೇಬು ಕತ್ತರಿಸಿದ್ದು ಟ್ರಾಲಿ. ಸಾಸಿವೆ, ಜೀರಿಗೆ ಎಂದು ಹೋದವಳು ಮೂರು ಬಗೆಯ ಜಾಮ್ ತಂದಿದ್ದೇನೆ. ಎರಡಕ್ಕೆ ಒಂದು ಉಚಿತವೆಂದು ತಂದ ಶಾವಿಗೆಯಲ್ಲಿ ಆ ಉಚಿತದ್ದು ಹುಳು ಹಿಡಿಯಿತು. ಮೂಲೆ ಅಂಗಡಿಯಲ್ಲಿ ಸಾಮಾನು ಕಟ್ಟೆಯ ಆಚೆಗಿರುತ್ತದೆ, ನಾನು ಈಚೆಗಿರುತ್ತೇನೆ. ಚೀಟಿಯಲ್ಲಿ ಬರೆದದ್ದಷ್ಟೇ ಚೀಲಕ್ಕೆ ಬೀಳುತ್ತದೆ. ಐವತ್ತು ಗ್ರಾಂ ಮೆಂತ್ಯ ಸಾಕೆಂದರೆ ಐವತ್ತೇ ಗ್ರಾಂ.

ತಪ್ಪು ಕಲ್ಪನೆ: ಮೂಟೆಯದು ಹಳತು, ಪೊಟ್ಟಣದ್ದು ತಾಜಾ.

ಸತ್ಯ: ಬೇಳೆ ಪೊಟ್ಟಣದ ಮೇಲಿನ ದಿನಾಂಕ ಅದನ್ನು ತುಂಬಿದ್ದು ಯಾವಾಗ ಎಂದು ಹೇಳುತ್ತದೆ, ಬೆಳೆದದ್ದು ಯಾವಾಗ ಎಂದಲ್ಲ. ಅಕ್ಕಿಯ ವಿಚಾರದಲ್ಲಂತೂ 'ತಾಜಾ' ಎಂಬುದೇ ದೋಷ. ಹೊಸ ಸೋನಾ ಮಸೂರಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದು ಉದುರುದುರಾಗಿ ಅರಳುತ್ತದೆ. ಹಾಗಾಗಿಯೇ ಹಳೆ ಅಕ್ಕಿಗೆ ಹೆಚ್ಚು ದುಡ್ಡು. ಕಳೆದ ಸಲ ಅಂಗಡಿಯವರು ಅಕ್ಕಿ ತೂಗುತ್ತಲೇ ಹೇಳಿದರು: "ಇದು ಹೊಸ ಅಕ್ಕಿ ಅಕ್ಕಾ, ನೀರು ಸ್ವಲ್ಪ ಕಮ್ಮಿ ಇಡಿ." ಇಷ್ಟು ವರ್ಷ ಓದಿದ ಯಾವ ಲೇಬಲ್ಲೂ ನನಗೆ ಈ ಮಾತು ಹೇಳಿರಲಿಲ್ಲ.

ತಪ್ಪು ಕಲ್ಪನೆ: ಸಣ್ಣ ಅಂಗಡಿಯೆಂದರೆ ತೂಕದಲ್ಲಿ ಮೋಸ.

ಸತ್ಯ: ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಲೇಬೇಕು, ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ತೂಗುಹಾಕಬೇಕು. ಕಾಣದಿದ್ದರೆ ಕೇಳಿ. ತೂಕ ಕಡಿಮೆಯೆನಿಸಿದರೂ, ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಂಗಡಿ ಸಣ್ಣದಿರಲಿ ದೊಡ್ಡದಿರಲಿ, ನಿಯಮ ಒಂದೇ.

ತಪ್ಪು ಕಲ್ಪನೆ: ಮೂಲೆ ಅಂಗಡಿಗೆ ಕೊಟ್ಟ ದುಡ್ಡೆಲ್ಲ ರೈತನಿಗೆ ಹೋಗುತ್ತದೆ.

ಸತ್ಯ: ಇದು ನಮ್ಮಂಥವರ ಭ್ರಮೆ. ಅಂಗಡಿಯವರಿಗೂ ರೈತರಿಗೂ ನಡುವೆ ಯಶವಂತಪುರದ ಎಪಿಎಂಸಿಯ ಸಗಟು ವ್ಯಾಪಾರಿಗಳಿದ್ದಾರೆ, ಗಿರಣಿಗಳಿವೆ. ಅಷ್ಟೇ ಅಲ್ಲ, ಜರ್ಮನಿಯ ಮೆಟ್ರೊ ಕಂಪನಿ ತನ್ನ ಭಾರತದ ಮೊದಲ ಸಗಟು ಮಳಿಗೆಗಳನ್ನು 2003ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ, ಮುಖ್ಯವಾಗಿ ಇಂಥ ಸಣ್ಣ ವ್ಯಾಪಾರಿಗಳಿಗಾಗಿ. 2023ರಲ್ಲಿ ಆ ವ್ಯವಹಾರ ರಿಲಯನ್ಸ್ ಪಾಲಾಯಿತು. ದೊಡ್ಡ ಮಳಿಗೆ ಬಿಟ್ಟೆವೆಂದು ನಾವು ಬೀಗಿದರೂ, ಮೂಲೆ ಅಂಗಡಿಯ ಸಾಮಾನು ಅಲ್ಲಿಂದಲೇ ಬಂದಿರಬಹುದು. ಬೀದಿಯಲ್ಲಿ ಉಳಿಯುವುದು ಅಂಗಡಿಯವರ ಲಾಭದ ಪಾಲು ಮಾತ್ರ; ನನಗೆ ಅದೂ ಸಣ್ಣದೆನಿಸಿಲ್ಲ.

ಒಂದು ದೂರು ಮಾತ್ರ ಉಳಿದಿದೆ. ಆಹಾರ ಪದಾರ್ಥವನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನು ಕಾನೂನು ನಿಷೇಧಿಸಿದೆ, ಕಾರಣ ಅಚ್ಚಿನ ಶಾಯಿ. ಆದರೂ ನಮ್ಮ ಅಂಗಡಿಯಲ್ಲಿ ಹುರಿಗಡಲೆಗೆ ಇನ್ನೂ ಅದೇ ಪೊಟ್ಟಣ. ಹೋಗುವಾಗ ಚೀಲದೊಳಗೆ ನಾಲ್ಕು ಖಾಲಿ ಡಬ್ಬಿ ಇಟ್ಟುಕೊಳ್ಳಿ. ತೂಕ ಮಾಡಿ ನೇರ ಅದಕ್ಕೇ ಸುರಿದುಕೊಡುತ್ತಾರೆ.