ಮನೆಮಾರಾಟದ ಜಾಹೀರಾತು ಮತ್ತು ದಲ್ಲಾಳಿಯ ಮಾತು: ಒಂದು ಸಾಕ್ಷ್ಯವಿಮರ್ಶೆ

ಇತಿಹಾಸದ ವ್ಯಾಸಂಗದಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲು ಕಲಿಸುವ ಪಾಠ ಆಕರಗಳ ವಿಮರ್ಶೆ. ಒಂದು ಶಾಸನವಾಗಲಿ, ಒಂದು ಹಳೆಯ ಕಡತವಾಗಲಿ ಕೈಸೇರಿದಾಗ ಅದು ಹೇಳುವುದನ್ನು ಒಡನೆಯೇ ನಂಬುವುದಿಲ್ಲ. ಅದನ್ನು ಬರೆಯಿಸಿದವರು ಯಾರು, ಯಾವ ಪ್ರಯೋಜನಕ್ಕಾಗಿ ಬರೆಯಿಸಿದರು, ಹೇಳದೆ ಬಿಟ್ಟುದೇನು, ಬೇರೆ ಆಕರಗಳು ಅದನ್ನು ಸಮರ್ಥಿಸುತ್ತವೆಯೆ ಎಂದು ಕೇಳುತ್ತೇವೆ. ಆದರೆ ಇದೇ ನಾವು ಜೀವಮಾನದ ಉಳಿತಾಯವನ್ನೆಲ್ಲ ತೊಡಗಿಸಿ, ಇಪ್ಪತ್ತು ವರ್ಷಗಳ ಸಾಲವನ್ನು ತಲೆಯ ಮೇಲೆ ಹೊತ್ತು, ಒಂದು ಮನೆಯನ್ನೋ ನಿವೇಶನವನ್ನೋ ಕೊಳ್ಳಲು ಹೊರಟಾಗ, ಒಂದು ಬಣ್ಣದ ಚಿತ್ರವನ್ನೂ ನಾಲ್ಕು ಸಾಲಿನ ಜಾಹೀರಾತನ್ನೂ ದಲ್ಲಾಳಿಯ ನಯವಾದ ಮಾತನ್ನೂ ಪ್ರಮಾಣವೆಂದು ಅಂಗೀಕರಿಸಿಬಿಡುತ್ತೇವೆ. ತರಗತಿಯಲ್ಲಿ ಬೋಧಿಸುವ ವಿವೇಕ ಸಂಸಾರದಲ್ಲಿ ನಮ್ಮ ನೆರವಿಗೆ ಬಾರದಿದ್ದರೆ ಆ ಬೋಧನೆಯ ಫಲವೇನು? ಬೆಂಗಳೂರಿನ ಸಂದರ್ಭವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

1. ಹಿಂದಿನ ವಿಕ್ರಯಪದ್ಧತಿ

ಮನೆಯ ಮಾರಾಟ ಪೂರ್ವಕಾಲದಲ್ಲಿ ಗುಟ್ಟಿನ ವ್ಯವಹಾರವಾಗಿರಲಿಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯವನ್ನು ಕುರಿತ ವಿಧಿಗಳುಂಟು. ಭೂಮಿಯನ್ನು ಕೊಳ್ಳುವ ಅವಕಾಶ ಜ್ಞಾತಿಗಳಿಗೆ, ನೆರೆಯವರಿಗೆ, ಸಾಲ ಕೊಟ್ಟವರಿಗೆ ಕ್ರಮವಾಗಿ ದೊರೆಯಬೇಕು. ಮನೆಯನ್ನು ಮಾರುವುದಾದರೆ ಅದರ ಎದುರಿನಲ್ಲಿಯೇ, ನೆರೆಯ ನಲವತ್ತು ಕುಲಗಳವರ ಸಮಕ್ಷಮದಲ್ಲಿ, ಅದನ್ನು ಸಾರಬೇಕು. ಹೊಲ ತೋಟ ಕೆರೆಗಳ ಎಲ್ಲೆಯನ್ನು ಗ್ರಾಮವೃದ್ಧರ ಮುಂದೆ ಹೇಳಬೇಕು. ಈ ಬೆಲೆಗೆ ಕೊಳ್ಳುವವರಾರು ಎಂದು ಮೂರು ಬಾರಿ ಕೇಳಿ, ತಕರಾರು ಬಾರದಿದ್ದರೆ ಮಾತ್ರ ಕೊಳ್ಳುವವನಿಗೆ ಅದು ಸಲ್ಲಬೇಕು. ಈ ವಿಧಿಯ ತಾತ್ಪರ್ಯ ಸ್ಪಷ್ಟವಾಗಿದೆ. ಮಾರುವವನ ಮಾತಿಗೆ ಸಾಕ್ಷಿ ಮಾರುವವನೇ ಆಗತಕ್ಕದ್ದಲ್ಲ. ಆ ಮನೆಯ ಕಥೆಯನ್ನು ಬಲ್ಲ ನೆರೆಹೊರೆ ಅದಕ್ಕೆ ಸಾಕ್ಷಿಯಾಗಬೇಕು. ಆಗಿನ ಜಾಹೀರಾತೆಂದರೆ ಆ ಸಾರುವಿಕೆಯೇ. ಆದರೆ ಅದು ಸುಳ್ಳನ್ನು ಒಡನೆಯೇ ಅಲ್ಲಗಳೆಯಬಲ್ಲವರ ಎದುರಿನಲ್ಲಿ ನಡೆಯುತ್ತಿತ್ತು.

ಕನ್ನಡ ನಾಡಿನ ಶಾಸನಗಳಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ಭೂಮಿಯನ್ನು ಕೊಟ್ಟುದನ್ನೋ ಮಾರಿದುದನ್ನೋ ಹೇಳುವಾಗ ಚತುಸ್ಸೀಮೆಯನ್ನು ವಿವರಿಸುವುದೂ, ಅಳೆದ ಗಳೆಯನ್ನು ಹೆಸರಿಸುವುದೂ, ಸಾಕ್ಷಿಗಳನ್ನು ಕಾಣಿಸುವುದೂ ಅವುಗಳ ರೂಢಿ. ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಕೆರೆಯ ಏರಿ ಎಂಬ ಬಗೆಯ ಗುರುತುಗಳನ್ನು ಯಾರು ಬೇಕಾದರೂ ನಡೆದುಹೋಗಿ ನೋಡಬಹುದಾಗಿತ್ತು. ಇಂದಿನ ಕ್ರಯಪತ್ರದ ಚಕ್ಕುಬಂದಿ ಆ ಸಂಪ್ರದಾಯದ ಶೇಷವೇ ಆಗಿದೆ.

1898ರ ಪ್ಲೇಗಿನ ತರುವಾಯ ಬೆಂಗಳೂರು ಹಳೆಯ ಪೇಟೆಯ ಎಲ್ಲೆಯನ್ನು ದಾಟಿ ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಬೆಳೆಯಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೂ, 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಸ್ಥಾಪಿತವಾದುವು. ಇಂತಹ ಬಡಾವಣೆಗಳಲ್ಲಿ ನಿವೇಶನದ ಅಳತೆಗೂ ಒಡೆತನಕ್ಕೂ ಸಾರ್ವಜನಿಕ ಸಂಸ್ಥೆಯ ಆಧಾರವಿತ್ತು. ಆದರೆ ನಗರದ ಹಸಿವು ಈ ಸಂಸ್ಥೆಗಳ ಶಕ್ತಿಯನ್ನು ಮೀರಿತು. ಸುತ್ತಣ ಹಳ್ಳಿಗಳ ಹೊಲಗದ್ದೆಗಳು ಖಾಸಗಿ ಕೈಗಳಲ್ಲಿ ನಿವೇಶನಗಳಾಗತೊಡಗಿದುವು. ಕೊಳ್ಳುವವನು ದೂರದ ಊರಿನವನು, ಮಾರುವವನು ಅಪರಿಚಿತನು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನಿನಿಂದ ವಂಶಪಾರಂಪರ್ಯದ ಶ್ಯಾನುಭೋಗನೂ ಇಲ್ಲವಾದನು. ಊರಿನ ನೆನಪು ಇದ್ದ ಎಡೆಯಲ್ಲಿ ಜಾಹೀರಾತೂ ದಲ್ಲಾಳಿಯೂ ಬಂದು ನಿಂತುದು ಹೀಗೆ.

2. ಜಾಹೀರಾತು ಹೇಳುವುದು, ಹೇಳದಿರುವುದು

ಹಸಿಯ ಸುಳ್ಳನ್ನು ಹೇಳುವ ಜಾಹೀರಾತುಗಳು ಉಂಟಾದರೂ, ಹೆಚ್ಚು ಅಪಾಯಕರವಾದುವು ಅರ್ಧಸತ್ಯದವು. ಅವುಗಳಲ್ಲಿ ನಾಲ್ಕು ಬಗೆಗಳನ್ನು ಇಲ್ಲಿ ವಿವೇಚಿಸಬಹುದು.

ಮೊದಲನೆಯದು ವಿಸ್ತೀರ್ಣ. ಒಂದು ಫ್ಲಾಟು 1200 ಚದರಡಿ ಎಂದೂ ಚದರಡಿಗೆ 6000 ರೂಪಾಯಿ ಎಂದೂ ಪ್ರಕಟವಾಗಿದೆಯೆಂದು ಇಟ್ಟುಕೊಳ್ಳೋಣ. ಬೆಲೆ 72 ಲಕ್ಷ ರೂಪಾಯಿ. ಆದರೆ ಆ 1200 ಚದರಡಿ ‘ಸೂಪರ್ ಬಿಲ್ಟ್‌ಅಪ್’ ಲೆಕ್ಕವಾಗಿದ್ದರೆ ಅದರಲ್ಲಿ ಮೆಟ್ಟಿಲು, ಲಿಫ್ಟು, ಪಡಸಾಲೆ ಮುಂತಾದ ಸಾಮಾನ್ಯ ಭಾಗಗಳ ಪಾಲೂ ಸೇರಿರುತ್ತದೆ. ಒಳಗೆ ಬಳಸಲು ದೊರೆಯುವುದು 840 ಚದರಡಿಯಾದರೆ ನಿಜವಾದ ದರ ಸುಮಾರು 8571 ರೂಪಾಯಿಯಾಯಿತು. ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಓದುವವನ ಮನಸ್ಸಿನಲ್ಲಿ ಮೂಡಿದ ಮನೆ ಸುಳ್ಳು. ಈ ಕಾರಣದಿಂದಲೇ 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾನೂನು, ಅಂದರೆ ಜನರು ‘ರೇರಾ’ ಎಂದು ಕರೆಯುವ ಕಾನೂನು, ಕಾರ್ಪೆಟ್ ವಿಸ್ತೀರ್ಣಕ್ಕೆ ಖಚಿತವಾದ ಅರ್ಥವನ್ನು ಕೊಟ್ಟಿದೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ, ಬಳಕೆಗೆ ಒದಗುವ ನೆಲವೇ ಅದು.

ಎರಡನೆಯದು ದೂರ. ‘ಮೆಟ್ರೋ ನಿಲ್ದಾಣಕ್ಕೆ ಹತ್ತು ನಿಮಿಷ’ ಎಂಬಲ್ಲಿ ನಿಮಿಷವನ್ನು ಅಳೆದುದು ನಡೆದೋ, ಬೆಳಗಿನ ಜಾವದ ಬರಿದಾದ ರಸ್ತೆಯಲ್ಲಿ ಕಾರಿನಲ್ಲಿಯೋ ಎಂಬುದು ತಿಳಿಯದು. ನಿಲ್ದಾಣ ಇಂದು ಇರುವುದೋ, ಯೋಜನೆಯ ನಕ್ಷೆಯಲ್ಲಿ ಮಾತ್ರ ಇರುವುದೋ ಎಂಬುದನ್ನೂ ಕೇಳಬೇಕಾಗುತ್ತದೆ.

ಮೂರನೆಯದು ದಾಖಲೆಗಳ ಮಾತು. ‘ಖಾತೆ ಸಿದ್ಧವಿದೆ’ ಎಂದರೆ ಒಡೆತನ ನಿರ್ವಿವಾದವೆಂದು ಅನೇಕರು ತಿಳಿಯುತ್ತಾರೆ. ಖಾತೆ ಎಂಬುದು ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂಬುದರ ದಾಖಲೆ. ಅದರಿಂದ ಹಕ್ಕು ಹುಟ್ಟುವುದಿಲ್ಲ. ಗುಂಟೆಯ ಲೆಕ್ಕದಲ್ಲಿ ಮಾರುವ ‘ರೆವಿನ್ಯೂ ಸೈಟು’ಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ಗುಂಟೆಗೆ 1089 ಚದರಡಿ ಎಂಬ ಲೆಕ್ಕವೇನೋ ಸರಿ; ಆದರೆ ಆ ಜಮೀನಿಗೆ 1964ರ ಭೂಕಂದಾಯ ಕಾನೂನಿನ 95ನೆಯ ಪ್ರಕರಣದಂತೆ ಭೂಪರಿವರ್ತನೆ ಆಗಿದೆಯೆ, ಬಡಾವಣೆಯ ನಕ್ಷೆಗೆ ಮಂಜೂರಾತಿ ಉಂಟೆ ಎಂಬುದೇ ಮುಖ್ಯವಾದ ಪ್ರಶ್ನೆ. ಅಧಿಕಾರಪತ್ರದ ಮೂಲಕ ಮಾರಾಟ, ಅಂದರೆ ‘ಜಿ.ಪಿ.ಎ.’ ಮಾರಾಟ, ಒಡೆತನವನ್ನು ವರ್ಗಾಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ನಿರ್ಣಯಿಸಿದೆ.

ನಾಲ್ಕನೆಯದು ಬೆಲೆ. ನೆರೆಯ ಮನೆಗಳಿಗಿಂತ ಬಹಳ ಕಡಮೆಯಾದ ಬೆಲೆಯನ್ನು ಕಾಣಿಸಿ, ವಿಚಾರಿಸಲು ಬಂದವರಿಗೆ ‘ಅದು ನಿನ್ನೆಯೇ ಹೋಯಿತು, ಬೇರೊಂದು ಉಂಟು’ ಎನ್ನುವುದು ಬಾಡಿಗೆಯ ಮನೆಗಳ ವಿಷಯದಲ್ಲಿಯೂ ಕಾಣುವ ತಂತ್ರ. ಇಲ್ಲಿ ಆ ಜಾಹೀರಾತಿನ ಉದ್ದೇಶ ಮನೆಯನ್ನು ತೋರಿಸುವುದಲ್ಲ, ಗಿರಾಕಿಯನ್ನು ಬರಮಾಡಿಕೊಳ್ಳುವುದು.

3. ಕಾನೂನಿನ ರಕ್ಷಣೆ ಮತ್ತು ಅದರ ಮಿತಿ

ಮೋಸದಿಂದಲೋ ತಪ್ಪು ನಿರೂಪಣೆಯಿಂದಲೋ ಪಡೆದ ಒಪ್ಪಿಗೆಯನ್ನು 1872ರ ಕರಾರು ಕಾನೂನಿನಂತೆ ಮೋಸಹೋದವನು ರದ್ದುಗೊಳಿಸಬಹುದು. ಆದರೆ ತಪ್ಪು ನಿರೂಪಣೆಯ ಸಂದರ್ಭದಲ್ಲಿ, ಸಾಮಾನ್ಯ ಎಚ್ಚರದಿಂದ ಸತ್ಯವನ್ನು ತಿಳಿಯುವ ಅವಕಾಶ ಅವನಿಗೆ ಇದ್ದಿದ್ದರೆ ಆ ಅನುಕೂಲ ದೊರೆಯದು. 1882ರ ಸ್ವತ್ತು ವರ್ಗಾವಣೆ ಕಾನೂನಿನ 55ನೆಯ ಪ್ರಕರಣ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದಲೂ ಕಾಣದ ಮಹತ್ವದ ದೋಷವನ್ನು ಮಾರುವವನು ತಿಳಿಸಬೇಕೆಂದು ವಿಧಿಸುತ್ತದೆ. ಕಾಣಬಹುದಾಗಿದ್ದ ದೋಷವನ್ನು ನೋಡದೆ ಹೋದರೆ ಹೊಣೆ ನಮ್ಮದೇ. ನೋಂದಾಯಿತವಾದ ಪತ್ರದ ವಿಷಯ ಕೊಳ್ಳುವವನಿಗೆ ತಿಳಿದೇ ಇತ್ತೆಂದು ಕಾನೂನು ಭಾವಿಸುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು.

ನೋಂದಣಿಯ ಸ್ವರೂಪವನ್ನು ಕುರಿತು ಒಂದು ಮಾತು. 1908ರ ನೋಂದಣಿ ಕಾನೂನು ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಒಡೆತನಕ್ಕೆ ಜಾಮೀನು ನಿಲ್ಲುವುದಿಲ್ಲ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸನು ಜಾರಿಗೆ ತಂದ ಪದ್ಧತಿಯಲ್ಲಿ ಸರಕಾರದ ಪುಸ್ತಕದಲ್ಲಿನ ಹೆಸರೇ ಒಡೆತನದ ಆಧಾರ. ನಮ್ಮಲ್ಲಿ ಹಾಗಲ್ಲ. ಮಾರುವವನಿಗೆ ಹಕ್ಕಿಲ್ಲದಿದ್ದರೆ ಸಬ್ ರಿಜಿಸ್ಟ್ರಾರರ ಮುದ್ರೆಯಿಂದ ಆ ಹಕ್ಕು ಹುಟ್ಟುವುದಿಲ್ಲ. ಋಣಭಾರ ಪತ್ರವೂ ನಾವು ಕೇಳಿದ ಅವಧಿಯ ನೋಂದಾಯಿತ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಪಾಲು ಬೇಡುವ ದಾಯಾದಿ, ಬರವಣಿಗೆಯಿಲ್ಲದೆ ಮೂಲಪತ್ರಗಳನ್ನು ಒತ್ತೆಯಿಟ್ಟು ತೆಗೆದ ಸಾಲ ಮುಂತಾದುವು ಅದರಲ್ಲಿ ಕಾಣಲಾರವು. ಆದುದರಿಂದಲೇ ನಕಲುಗಳಿಂದ ತೃಪ್ತರಾಗದೆ ಮೂಲಪತ್ರಗಳನ್ನೇ ನೋಡಬೇಕೆಂದು ಹಿರಿಯರು ಹೇಳುತ್ತಿದ್ದುದು.

2016ರ ಕಾನೂನು ಪೂರ್ಣವಾಗಿ ಜಾರಿಗೆ ಬಂದುದು 2017ರ ಮೇ 1ರಂದು. ಕರ್ನಾಟಕದ ನಿಯಮಗಳು ಅದೇ ವರ್ಷದ ಜುಲೈಯಲ್ಲಿ ಪ್ರಕಟವಾದುವು. ಇದರಂತೆ 500 ಚದರ ಮೀಟರಿಗಿಂತ ಹೆಚ್ಚಿನ ನೆಲದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆಯನ್ನು ನೋಂದಾಯಿಸದೆ ಮಾರುವಂತಿಲ್ಲ, ಜಾಹೀರಾತನ್ನೂ ಕೊಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿಯ ಸಂಖ್ಯೆ ಎದ್ದುಕಾಣುವಂತಿರಬೇಕು. ಸುಳ್ಳು ಜಾಹೀರಾತನ್ನಾಗಲಿ ಮಾದರಿಮನೆಯನ್ನಾಗಲಿ ನಂಬಿ ಹಣ ಕೊಟ್ಟು ನಷ್ಟಹೊಂದಿದವನಿಗೆ 12ನೆಯ ಪ್ರಕರಣ ಪರಿಹಾರವನ್ನು ಕೊಡಿಸುತ್ತದೆ. ಅವನು ಹಿಂದೆಸರಿಯಬಯಸಿದರೆ ಹಣವನ್ನು ಬಡ್ಡಿಸಹಿತ ಮರಳಿಸಬೇಕು. ನೋಂದಾಯಿತವಾದ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ಪಡೆಯುವಂತಿಲ್ಲವೆಂದು 13ನೆಯ ಪ್ರಕರಣ ಹೇಳುತ್ತದೆ. ಆದರೆ ಒಬ್ಬ ಗೃಹಸ್ಥನು ತನ್ನ ಹಳೆಯ ಮನೆಯನ್ನು ಮತ್ತೊಬ್ಬನಿಗೆ ಮಾರುವಾಗ ಈ ರಕ್ಷಣೆಯನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ಹಿಂದಿನ ಕಾನೂನುಗಳೂ ನಮ್ಮ ವಿವೇಕವೂ ಮಾತ್ರ ಆಸರೆ.

4. ನಂಬಿಕೆಗೆ ಅರ್ಹನಾದ ದಲ್ಲಾಳಿ

ದಲ್ಲಾಳಿಗಳೆಲ್ಲರೂ ವಂಚಕರೆಂಬ ಲೋಕಾಭಿಪ್ರಾಯವನ್ನು ನಾವು ಒಪ್ಪುವುದಿಲ್ಲ. ಒಂದು ಬಡಾವಣೆಯಲ್ಲಿ ಬಹುಕಾಲ ಬಾಳಿದ ಒಳ್ಳೆಯ ದಲ್ಲಾಳಿ ಆ ಊರಿನ ನೆನಪನ್ನು ಹೊತ್ತವನು. ಯಾವ ಬೀದಿಗೆ ಮಳೆಗಾಲದಲ್ಲಿ ನೀರು ನುಗ್ಗುವುದು, ಯಾವ ಮನೆಯ ಅಣ್ಣತಮ್ಮಂದಿರಲ್ಲಿ ವ್ಯಾಜ್ಯವುಂಟು ಎಂಬುದನ್ನು ಯಾವ ಕಾಗದವೂ ಹೇಳದು; ಅವನು ಹೇಳಬಲ್ಲನು. ಆ ತಿಳಿವಳಿಕೆಯನ್ನು ಅವನು ಯಾರ ಹಿತಕ್ಕಾಗಿ ಬಳಸುವನೆಂಬುದೇ ಪ್ರಶ್ನೆ. ಅದನ್ನು ನಿರ್ಧರಿಸಲು ಈ ಪರೀಕ್ಷೆಗಳು ಉಪಯುಕ್ತವಾದುವು.

ಅವನು ಯಾರ ಪ್ರತಿನಿಧಿ? ದಲ್ಲಾಳಿಯ ಹಣ ಮಾರುವವನಿಂದ ಬರುವುದೋ, ನಮ್ಮಿಂದಲೋ, ಇಬ್ಬರಿಂದಲೋ ಎಂಬುದನ್ನು ಮೊದಲೇ ಬಾಯಿಬಿಟ್ಟು ಕೇಳಬೇಕು. ಪ್ರತಿನಿಧಿಯು ಯಜಮಾನನ ಸಮ್ಮತಿಯಿಲ್ಲದೆ ಸ್ವಂತಕ್ಕಾಗಿ ವ್ಯವಹರಿಸಿ, ಮಹತ್ವದ ಸಂಗತಿಯನ್ನು ಮರೆಸಿದ್ದರೆ ಯಜಮಾನನು ಆ ವ್ಯವಹಾರವನ್ನು ನಿರಾಕರಿಸಬಹುದೆಂದು ಕರಾರು ಕಾನೂನಿನ 215ನೆಯ ಪ್ರಕರಣ ಹೇಳುತ್ತದೆ. ಕೇಳಿದೊಡನೆ ನೇರವಾಗಿ ಉತ್ತರ ಕೊಡುವವನು ಮೊದಲನೆಯ ಪರೀಕ್ಷೆಯಲ್ಲಿ ಗೆದ್ದಂತೆ.

ಅವನಿಗೆ ನೋಂದಣಿ ಉಂಟೆ? ನೋಂದಾಯಿತ ಯೋಜನೆಗಳ ಮನೆಗಳನ್ನು ಮಾರಿಸುವ ದಲ್ಲಾಳಿ ಸ್ಥಿರಾಸ್ತಿ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿರಬೇಕೆಂದು 9ನೆಯ ಪ್ರಕರಣದ ವಿಧಿ. ಅವನು ಲೆಕ್ಕಪತ್ರಗಳನ್ನು ಇಡಬೇಕು, ಸುಳ್ಳು ಹೇಳಿಕೆಗಳನ್ನು ಕೊಡಬಾರದು, ಮುಂಗಡದ ವೇಳೆಗೆ ಕೊಳ್ಳುವವನಿಗೆ ಸಲ್ಲತಕ್ಕ ದಾಖಲೆಗಳನ್ನು ಒದಗಿಸಬೇಕು ಎಂದು 10ನೆಯದು ಹೇಳುತ್ತದೆ. ಅವನು ತೋರಿಸಿದ ಸಂಖ್ಯೆಯನ್ನು ಪ್ರಾಧಿಕಾರದ ಪಟ್ಟಿಯಲ್ಲಿ ನಾವೇ ತಾಳೆನೋಡಬೇಕು. ಶಾಸನದ ಪಾಠವನ್ನು ಅಚ್ಚಿನ ಪುಸ್ತಕದಿಂದ ಓದಿದರೂ ಕಲ್ಲಿನ ಬಳಿಗೆ ಹೋಗಿ ನೋಡುವುದು ವಿಹಿತವಲ್ಲವೆ? ಇದೂ ಹಾಗೆಯೇ.

ದೋಷವನ್ನು ಹೇಳುತ್ತಾನೆಯೆ? ‘ಈ ಮನೆಯಲ್ಲಿರುವ ಕುಂದೇನು?’ ಎಂದು ಕೇಳಿ ನೋಡಬೇಕು. ಏನೂ ಇಲ್ಲವೆನ್ನುವವನಿಗಿಂತ, ‘ಹಿಂದಿನ ಗೋಡೆಯಲ್ಲಿ ತೇವವಿದೆ, ಬೇಸಗೆಯಲ್ಲಿ ಟ್ಯಾಂಕರಿನ ನೀರು ತರಿಸಬೇಕಾಗುತ್ತದೆ’ ಎನ್ನುವವನು ಹೆಚ್ಚು ನಂಬಲರ್ಹನು. ತನ್ನ ಲಾಭಕ್ಕೆ ವಿರೋಧವಾದ ಸಂಗತಿಯನ್ನು ತಾನೇ ಹೇಳುವ ಸಾಕ್ಷಿಗೆ ಇತಿಹಾಸಕಾರನೂ ಹೆಚ್ಚಿನ ಬೆಲೆ ಕೊಡುತ್ತಾನೆ.

ಅವಸರಪಡಿಸುತ್ತಾನೆಯೆ? ಸಂಜೆಯೊಳಗೆ ಮುಂಗಡ ಕೊಡದಿದ್ದರೆ ಮನೆ ಕೈತಪ್ಪುವುದೆಂದು ಹೇಳುವವನೂ, ರಸೀತಿಯಿಲ್ಲದೆ ನಗದು ಬೇಡುವವನೂ, ನಾವು ಆರಿಸಿಕೊಂಡ ವಕೀಲರಿಗೆ ಕಾಗದಗಳನ್ನು ತೋರಿಸಲು ಹಿಂಜರಿಯುವವನೂ ವರ್ಜ್ಯರು. ದಲ್ಲಾಳಿಯ ಹಣವೆಷ್ಟು, ಯಾವಾಗ ಸಲ್ಲತಕ್ಕದ್ದು, ವ್ಯವಹಾರ ಮುರಿದರೆ ಏನು ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಜಾಹೀರಾತಿನ ಪ್ರತಿಯನ್ನು ದಿನಾಂಕಸಹಿತ ಕಾಪಾಡಿಕೊಂಡಿರುವುದು ಲೇಸು. ಮುಂದೆ ವ್ಯಾಜ್ಯ ಬಂದಲ್ಲಿ ಅದೇ ನಮ್ಮ ಆಕರವಾಗುವುದು.

5. ಉಪಸಂಹಾರ

ಇಷ್ಟೆಲ್ಲ ಮಾಡಿದರೂ ಸಂದೇಹ ಸಂಪೂರ್ಣವಾಗಿ ನಿವಾರಣೆಯಾಗುವುದೆಂದು ಹೇಳಲಾಗದು. ಎಲ್ಲ ಕಾಗದಗಳೂ ಸರಿಯಿದ್ದ ಮನೆಯ ಮೇಲೆಯೂ ದಾವೆ ಬಂದ ಉದಾಹರಣೆಗಳುಂಟು. ಇತಿಹಾಸದಲ್ಲಿಯೂ ನಮಗೆ ದೊರೆಯುವುದು ಸಂಭಾವ್ಯವಾದ ಸತ್ಯವೇ. ಪರಸ್ಪರ ಸಂಬಂಧವಿಲ್ಲದ ಆಕರಗಳು ಒಂದೇ ಮಾತನ್ನು ಹೇಳಿದಾಗ ನಮ್ಮ ನಿಶ್ಚಯ ಬಲಗೊಳ್ಳುತ್ತದೆ. ಮನೆಯ ವಿಷಯದಲ್ಲಿ ಅಂತಹ ಆಕರಗಳು ನಾಲ್ಕು: ಮೂಲಪತ್ರಗಳು, ಸರಕಾರದ ಪುಸ್ತಕಗಳು, ಸ್ವತಃ ಅಳೆದ ನೆಲ, ನೆರೆಹೊರೆಯವರ ಮಾತು. ಇವುಗಳಲ್ಲಿ ಕೊನೆಯದನ್ನೇ ನಾವು ಹೆಚ್ಚಾಗಿ ಮರೆಯುತ್ತೇವೆ. ಎರಡು ಸಲ, ಒಮ್ಮೆ ಹಗಲಿನಲ್ಲಿ, ಒಮ್ಮೆ ಮಳೆ ಬಿದ್ದ ಮರುದಿನ, ದಲ್ಲಾಳಿಯನ್ನು ಬಿಟ್ಟು ನಾವೇ ಆ ಬೀದಿಗೆ ಹೋಗಿ, ಪಕ್ಕದ ಮನೆಯವರನ್ನೂ ಮೂಲೆಯ ಅಂಗಡಿಯವರನ್ನೂ ವಿಚಾರಿಸಿದರೆ ಜಾಹೀರಾತು ಹೇಳದೆ ಬಿಟ್ಟುದು ಬಹುಮಟ್ಟಿಗೆ ತಿಳಿದುಬರುತ್ತದೆ. ನೆರೆಯ ನಲವತ್ತು ಕುಲಗಳ ಮುಂದೆ ಸಾರಬೇಕೆಂಬ ವಿಧಿ ಇಂದು ಮಾರುವವನನ್ನು ಕಟ್ಟುವುದಿಲ್ಲ. ಆ ನಲವತ್ತು ಬಾಗಿಲುಗಳಲ್ಲಿ ನಾಲ್ಕನ್ನಾದರೂ ತಟ್ಟುವ ಕೆಲಸ ಈಗ ಕೊಳ್ಳುವವನಾದ ನಮ್ಮದಾಗಿದೆ.